ಬಾಕಿ ಇಲ್ಲದ ಮನೆ

ಅಪ್ಪ ಸತ್ತ ದಿನ ನಾನು ಅತ್ತದ್ದಕ್ಕಿಂತ ಹೆಮ್ಮೆಪಟ್ಟದ್ದೇ ಹೆಚ್ಚು. ಬೆಳಗಿನ ನಮಾಜಿಗೆಂದು ಎದ್ದವರು ಬಚ್ಚಲ ಬಾಗಿಲಲ್ಲಿ ಕುಸಿದು ಕುಳಿತರು, ಮತ್ತೆ ಏಳಲಿಲ್ಲ. ಒಂಬತ್ತರ ಹೊತ್ತಿಗೆ ಹರಪನಹಳ್ಳಿಯ ನಮ್ಮ ಓಣಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಬಂದವರೆಲ್ಲ ನನ್ನ ಕೈ ಹಿಡಿದು ಒಂದೇ ಮಾತು ಹೇಳಿದರು. ದಾವಲ್ ಸಾಬ್ ಯಾರಿಗೂ ಒಂದು ಪೈಸೆ ಬಾಕಿ ಇಟ್ಟು ಹೋಗಲಿಲ್ಲ.

ಅದು ನಿಜವಾಗಿತ್ತು. ನಮ್ಮದು ಹತ್ತಿ ಹಿಂಜಿ ಗಾದಿ ಹೊಲಿಯುವ ಮನೆ. ಕೊಟ್ಟೂರಿನಲ್ಲಿ ಅರಳೆ ತೂಗುವ ಮೊದಲೇ ಅಪ್ಪ ನೋಟುಗಳನ್ನು ಎಣಿಸಿ ಸಾವುಕಾರನ ಗದ್ದಿಗೆಯ ಮೇಲೆ ಇಡುತ್ತಿದ್ದರು. ನಾನು ಏಳನೇ ಇಯತ್ತೆಯಲ್ಲಿದ್ದಾಗ ಅಂಗಡಿಯೊಂದರಲ್ಲಿ ಒಂದೂವರೆ ರೂಪಾಯಿಯ ಪೆನ್ನನ್ನು ಉದ್ರಿ ತಂದಿದ್ದೆ. ಅಪ್ಪ ಊಟದ ತಟ್ಟೆ ಬಿಟ್ಟು ಎದ್ದು, ಬಿಸಿಲಲ್ಲಿ ನನ್ನ ತೋಳು ಹಿಡಿದು ಆ ಅಂಗಡಿಯ ತನಕ ನಡೆಸಿಕೊಂಡು ಹೋಗಿ, ನನ್ನ ಕೈಯಿಂದಲೇ ದುಡ್ಡು ಕೊಡಿಸಿದ್ದರು. ಹೊಲಿಗೆ ಯಂತ್ರ ಕಂತಿನ ಮೇಲೆ ಸಿಗುತ್ತದೆಂದು ಯಾರೋ ಏಜೆಂಟು ಬಂದಾಗ "ಕಂತು ಅಂದ್ರ ಸಾಲ, ಸಾಲದ ಸಾಮಾನು ನಮ್ಮ ಹೊಸ್ತಿಲು ದಾಟಂಗಿಲ್ಲ" ಎಂದು ಕಳಿಸಿಬಿಟ್ಟಿದ್ದರು. ಗವಸುಗಳನ್ನು ಅವ್ವ ಕೈಯಲ್ಲೇ ಹೊಲಿಯುತ್ತಿದ್ದಳು.

ನಮ್ಮಲ್ಲಿ ಹೆಣ ಮುಂದಿಟ್ಟು ಮಾಡುವ ಜನಾಜಾ ನಮಾಜಿಗೆ ಮೊದಲು ಮಗನಾದವನು ಎಲ್ಲರ ಮುಂದೆ ನಿಂತು ಒಂದು ಮಾತು ಹೇಳಬೇಕು. ನನ್ನ ತಂದೆ ಯಾರಿಗಾದರೂ ಕೊಡುವುದಿದ್ದರೆ ನನ್ನನ್ನು ಕೇಳಿರಿ, ನಾನು ತೀರಿಸುತ್ತೇನೆ. ನಾನು ಅದನ್ನು ಬೆಳಗಿನಿಂದ ಮನಸ್ಸಿನಲ್ಲೇ ಹೇಳಿಕೊಂಡು ನೋಡುತ್ತಿದ್ದೆ. 'ಇದ್ದರೆ' ಎನ್ನುವಲ್ಲಿ ಎಷ್ಟು ಹೊತ್ತು ನಿಲ್ಲಬೇಕು, ಹೇಗೆ ಹೇಳಿದರೆ ಅಂಥದ್ದು ಇಲ್ಲವೇ ಇಲ್ಲ ಎಂಬುದು ಕೇಳಿದವರಿಗೆ ತಿಳಿಯುತ್ತದೆ ಎಂದು ಯೋಚಿಸುತ್ತಿದ್ದೆ. ತಂದೆಯ ಹೆಣ ಒಳಗಿರುವಾಗ ಮಗ ಮಾಡುತ್ತಿದ್ದ ಕೆಲಸ ಇದು.

ಚಾದಂಗಡಿಯ ಓಬಣ್ಣ ದೊಡ್ಡ ಕೆಟಲಿನಲ್ಲಿ ಚಾ ತುಂಬಿಕೊಂಡು ಬಂದಿದ್ದ. ಅವನಿಗೂ ಕೇಳಿದೆ.

"ಓಬಣ್ಣ, ಅಪ್ಪನ ಕಡೀಂದ ಏನಾರ ಬರೋದಿದ್ರ ಹೇಳಪ್ಪ."

"ನಿಮ್ಮಪ್ಪನ ಕಡೀಂದಲಾ?" ಓಬಣ್ಣ ಹಣೆಗೆ ಕೈ ಹಚ್ಚಿದ. "ಗ್ಲಾಸು ಮೇಜಿನ ಮ್ಯಾಲ ಬರೋಕಿಂತ ಮೊದ್ಲ ಚಿಲ್ಲರಿ ಇಡ್ತಿದ್ದ ಪುಣ್ಯಾತ್ಮ. ಒಂದಿನ ಹಾಲು ಒಡದು ಚಾನ ಆಗ್ಲಿಲ್ಲ. ರೊಕ್ಕ ವಾಪಸ್ ತಗಳ್ರಿ ಅಂದ್ರ, ಇರ್ಲಿ ನಾಳಿಗೆ ಅಂದ. ನಾನೇ ಆ ಮನಷ್ಯಾಗ ಸಾಲಗಾರ ಆಗಿ ಉಳದೀನಿ ನೋಡು."

ಸುತ್ತ ಇದ್ದವರು ನಕ್ಕರು. ಸಾವಿನ ಮನೆಯಲ್ಲಿ ನಗಬಹುದಾದ ಅಳತೆಯ ನಗು. ನಾನು ತಲೆ ತಗ್ಗಿಸಿದೆ, ಆದರೆ ನನ್ನ ಎದೆ ಉಬ್ಬಿತ್ತು.

ಆಗ ಒಳಗಿನಿಂದ ಹುಸೇನ್‌ಬಿ ಅತ್ತೆ ಕರೆದಳು. ಅಪ್ಪನ ಅಕ್ಕ. ಹಲವಾಗಲಿನಿಂದ ಆಗಷ್ಟೇ ಬಂದಿದ್ದಳು, ಹೊಳೆದಂಡೆಯ ಊರಿನವರ ದೊಡ್ಡ ಗಂಟಲು ಅವಳದು. ಈಗ ಮಾತ್ರ ಪಿಸುಗುಟ್ಟುತ್ತಿದ್ದಳು.

"ತೌಸೀಫಾ, ಒಳಗ ಬಾ. ನಿಮ್ಮವ್ವ ಹಟ ಹಿಡದಾಳ."

"ಏನಂತ?"

"ಬಾರೋ ಮೊದ್ಲು."

ಪಡಸಾಲೆಯಲ್ಲಿ ಅಪ್ಪನಿಗೆ ಕಫನ್ ಬಟ್ಟೆ ಹೊದಿಸಿ ಆಗಿತ್ತು. ಮುಖವೊಂದು ಕಾಣುತ್ತಿತ್ತು. ಗೋಡೆಗೆ ಒರಗಿ ಅವ್ವ, ಮುಮ್ತಾಜ್ ಬೇಗಂ, ಕುಳಿತಿದ್ದಳು. ಅವಳ ಪಕ್ಕದಲ್ಲಿ ನನ್ನ ಹೆಂಡತಿ ಮೆಹರೀನ. ಸುತ್ತ ಓಣಿಯ ಹತ್ತು ಹನ್ನೆರಡು ಹೆಂಗಸರು, ಸೆರಗು ಮುಖಕ್ಕೆ ಎಳೆದುಕೊಂಡು.

ವಿಷಯ ಮಹರಿನದು. ನಿಕಾಹದ ಹೊತ್ತಿಗೆ ಇಷ್ಟು ಹಣ ನಿನಗೆ ಕೊಡುತ್ತೇನೆಂದು ಗಂಡು ಹೆಣ್ಣಿಗೆ ಒಪ್ಪಿಕೊಳ್ಳುತ್ತಾನಲ್ಲ, ಅದು. ಕೊಡಲೇಬೇಕಾದ್ದು. ನಮ್ಮ ಕಡೆ ಯಾರೂ ಕೊಡುವುದಿಲ್ಲ. ಗಂಡ ಸತ್ತು ಮಲಗಿದಾಗ ಹೆಂಡತಿಯನ್ನು ಎದುರು ಕೂಡಿಸಿ 'ಮಾಫ್ ಮಾಡೀನಿ ಅನ್ನು' ಎನ್ನುತ್ತಾರೆ. ಅವಳು ಅಳುತ್ತಾ ಅನ್ನುತ್ತಾಳೆ. ಆಮೇಲೆ ಎತ್ತುತ್ತಾರೆ. ಅನ್ನದೆ ಇದ್ದವಳನ್ನು ನಾನು ಕಂಡಿರಲಿಲ್ಲ.

ಅತ್ತೆ ಅವ್ವನ ಮುಂದೆ ಕುಕ್ಕರಗಾಲಲ್ಲಿ ಕುಳಿತಳು. "ಮುಮ್ತಾಜವ್ವಾ, ಒಂದು ಮಾತು. ಅಂದುಬಿಡು. ನನ್ನ ತಮ್ಮ ಹಗುರಾಗಿ ಹೋಗ್ಲಿ."

"ಆಗಲ್ಲ," ಅವ್ವ ಹೇಳಿದಳು.

"ನನ್ನ ಗಂಡ ಹೋದಾಗ ನಾ ಅನ್ಲಿಲ್ಲೇನು? ಕೇಳೋಕಿಂತ ಮೊದ್ಲ ಅಂದೆ."

"ನಿಮಗ ಬರೋದು ಎಷ್ಟಿತ್ತು ಹುಸೇನಕ್ಕ?"

ಅತ್ತೆ ಯೋಚಿಸಿದಳು. "ಯಾವನಿಗೆ ನೆಪ್ಪೈತಿ?"

"ನನಗ ನೆಪ್ಪೈತಿ. ಐನೂರಾ ಇಪ್ಪತ್ತೈದು."

ಹಿಂದೆ ಯಾವುದೋ ಸೆರಗಿನೊಳಗೆ ನಗು ಪುಸಕ್ಕನೆ ಬಂದು ಕೆಮ್ಮಾಯಿತು. ನಾನು ಅವ್ವನ ಹತ್ತಿರ ಬಗ್ಗಿದೆ.

"ಅವ್ವಾ, ಹೊರಗ ಊರೇ ನಿಂತೈತಿ."

"ನಿಂದ್ರಲಿ."

"ಅಪ್ಪ ಯಾರಿಗೂ ಬಾಕಿ ಇಲ್ಲ ಅಂತ ಎಲ್ಲಾರೂ ಅಂತಾರ. ಈಗ ನೀನು ಹಿಂಗ…"

"ಅವರಿಗೆ ಇಲ್ಲ. ನನಗೈತಿ."

ಆಗ ನಾನು ಆ ಮಾತು ಆಡಿದೆ. "ಈ ವಯಸ್ಸಿನಾಗ ಆ ರೊಕ್ಕ ತಗಂಡು ಏನು ಮಾಡ್ತಿ? ನಾವೇನು ಉಪಾಸ ಕೆಡವೀವೇನು ನಿನ್ನ?"

ಅವ್ವ ಮುಖ ಎತ್ತಿ ನೋಡಿದಳು. ಅವಳ ಕಣ್ಣು ಒಣಗಿತ್ತು.

"ಏನು ಮಾಡ್ತಿ ಅಂತ ಅವರು ಕೇಳ್ತಿದ್ರು. ಇವತ್ತಿಗೆ ಅದು ಮುಗೀತು ಅನ್ಕಂಡಿದ್ದೆ. ನೀ ಸುರು ಮಾಡಿದ್ಯಾ?"

ಅಪ್ಪ ದಿನಾ ಬೆಳಿಗ್ಗೆ ಸೊಪ್ಪಿಗೆ, ಹಾಲಿಗೆ ಎಂದು ಅಳೆದು ಕೊಡುತ್ತಿದ್ದರು, ಸಂಜೆ ಉಳಿದ ಚಿಲ್ಲರೆ ಕೇಳಿ ಪಡೆಯುತ್ತಿದ್ದರು. ಬೇರೆ ಏನು ಕೇಳಿದರೂ 'ಯಾಕ? ಏನು ಮಾಡ್ತಿ?' ಎನ್ನುತ್ತಿದ್ದರು. ಗದರಿ ಅಲ್ಲ, ಶಾಂತವಾಗಿ. ಅವ್ವನ ತವರು ಮಾಗಳ. ತಮ್ಮನ ಮಗಳ ಮದುವೆಗೆ ಹೋದಾಗ ತನ್ನ ಕೈಯಾರೆ ಹತ್ತು ರೂಪಾಯಿ ಮುಯ್ಯಿ ಮಾಡಲೆಂದು ಅವಳು ಮೂರು ದಿನ ಕೇಳಿದ್ದಳು. ಅಪ್ಪ ಮುಯ್ಯಿ ಮಾಡಿದರು, ಐವತ್ತೊಂದು ರೂಪಾಯಿ, ತಮ್ಮ ಹೆಸರಿನಲ್ಲಿ. ಇದೆಲ್ಲ ನನಗೆ ಗೊತ್ತಿದ್ದದ್ದೇ. ಮನೆಯ ಗೋಡೆಯ ಬಣ್ಣ ಗೊತ್ತಿರುವ ಹಾಗೆ ಗೊತ್ತಿತ್ತು.

"ವರ್ಸಾ ರಂಜಾನ್ ಬಂದಾಗ ಕೇಳೀನಿ," ಅವ್ವ ಅಪ್ಪನ ಮುಖ ನೋಡುತ್ತಾ ಹೇಳಿದಳು. "ಮೂವತ್ತಾರು ಸಲ. ಮನಿಯೊಳಗ ಎಂಥಾ ಲೆಕ್ಕ ಅಂತಿದ್ರು. ಸೊಪ್ಪಿನ ಚಿಲ್ಲರಿ ಲೆಕ್ಕಕ್ಕ ಬರ್ತಿತ್ತು, ಇದು ಬರ್ಲಿಲ್ಲ."

ನಾನು ಅಂಗಿಯ ಜೇಬಿನಿಂದ ಐನೂರರ ಒಂದು ನೋಟು, ಜೊತೆಗೆ ಇಪ್ಪತ್ತೈದು ತೆಗೆದು ಅವಳ ಮಡಿಲಿಗೆ ಚಾಚಿದೆ. ಬೇಗ ಮುಗಿಯಲಿ ಎಂದು.

"ಇದು ಯಾರದು?"

"ನಂದು."

"ನೀ ಯಾಕ ಕೊಡ್ತಿ? ನಿನ್ನ ಲಗ್ನ ಮಾಡ್ಕಂಡೀನೇನು? ಅವರದ್ರಾಗ ಕೊಡ್ಲಿ."

ನಮಾಜು ಮಾಡಿಸಲು ಬಂದಿದ್ದ ಮಸೀದಿಯ ಹಜರತರ ಹತ್ತಿರ ಓಡಿದೆ. ಅವರು ಬಂದು ಎರಡು ಮಾತು ತಿಳಿಹೇಳಿದರೆ ಅವ್ವ ಬಗ್ಗುತ್ತಾಳೆ ಎಂದುಕೊಂಡೆ. ಕಟ್ಟೆಯ ಮೇಲೆ ಕುಳಿತಿದ್ದ ಆ ಮುದುಕರ ಕಿವಿಯ ಹತ್ತಿರ ಬಾಯಿ ಇಟ್ಟು ಎಲ್ಲವನ್ನೂ ಪಿಸುಗುಟ್ಟಿದೆ. ಅವರಿಗೆ ಕಿವಿ ಮಂದ. ಕಿವಿ ಮಂದ ಇದ್ದವರು ತಾವು ಎಷ್ಟು ಜೋರಾಗಿ ಮಾತಾಡುತ್ತೇವೆಂದು ಅರಿಯರು.

"ದಾವಲ್ ಸಾಬ್ ಹೆಂಡ್ತಿಗೆ ಮಹರ್ ಕೊಟ್ಟಿಲ್ಲೇನು?"

ಓಣಿ ಪೂರ್ತಿ ಕೇಳಿಸಿತು.

"ತಿಳಿಹೇಳಬೇಕಿತ್ತು ಹಜರತ್," ನಾನು ಗೊಣಗಿದೆ.

"ಯಾರಿಗೆ? ನಿನಗಾ? ಕೇಳು ಹಂಗಾರ. ಅದೂ ಒಂದು ಸಾಲ. ಹತ್ತಿ ಸಾವುಕಾರಂದು ಹೆಂಗೋ ಹಂಗ. ಹೆಣದ ಮುಂದ ಕುಂದ್ರಿಸಿ ಮಾಫ್ ಮಾಡು ಮಾಫ್ ಮಾಡು ಅಂತ ಆ ಹೆಣ್ಣುಮಗಳ ಪ್ರಾಣ ತಿನ್ನಂತ ಯಾರು ಹೇಳ್ಯಾರ? ಆಕಿ ಖುಷೀಲಿ ಬಿಟ್ರ ಬಿಡ್ಬೇಕು. ಬಿಡಲ್ಲ ಅಂದ್ರ ಅವನ ಗಂಟು ಬಿಚ್ಚು, ಕೊಡು, ಆಮ್ಯಾಲೆ ಎತ್ತು. ಹೋಗು."

ನಾನು ತಿರುಗಿ ನಡೆಯುವಾಗ ಓಬಣ್ಣ ಗ್ಲಾಸುಗಳನ್ನು ಒಂದರೊಳಗೊಂದು ಇಡುವುದರಲ್ಲಿ ಮುಳುಗಿದ್ದ. ಗಂಡಸರೆಲ್ಲ ನೆಲ ನೋಡುತ್ತಿದ್ದರು. ಯಾರೋ ಒಬ್ಬರು ಬಹಳ ಮೆಲ್ಲಗೆ, ಕುಹಕವಿಲ್ಲದೆ, "ಆಯಪ್ಪಂದೂ ಒಂದು ಬಾಕಿ ಇತ್ತು ಹಂಗಾರ" ಎಂದರು. ಕುಹಕ ಇದ್ದಿದ್ದರೆ ತಡೆದುಕೊಳ್ಳಬಹುದಿತ್ತು.

ಅಪ್ಪನಿಗೆ ನೀರು ಹಾಕಿದವರು ಉಡಿದಾರದ ಕೀಲಿಕೈಯನ್ನು ಬೆಳಿಗ್ಗೆಯೇ ನನ್ನ ಕೈಗೆ ಕೊಟ್ಟಿದ್ದರು. ಮಂಚದ ಕೆಳಗಿನ ಕಬ್ಬಿಣದ ಪೆಟ್ಟಿಗೆ ಎಳೆದೆ. ಅವ್ವ ದಿನಾ ಅದರ ಮೇಲಿನ ಅರಳೆಯ ಧೂಳನ್ನು ಒರೆಸುತ್ತಿದ್ದಳು, ಅದರ ಒಳಗನ್ನು ಒಮ್ಮೆಯೂ ನೋಡಿರಲಿಲ್ಲ. ಮುಚ್ಚಳ ತೆಗೆದಾಗ ಹೆಂಗಸರೆಲ್ಲ ಬೇರೆ ಕಡೆ ಮುಖ ಮಾಡಿದರು. ಒಳಗೆ ದಾರ ಕಟ್ಟಿದ ನೋಟಿನ ಕಟ್ಟುಗಳಿದ್ದವು, ನಾನು ಅಂದುಕೊಂಡದ್ದಕ್ಕಿಂತ ಬಹಳ. ಇಷ್ಟು ಇಟ್ಟುಕೊಂಡು ಐನೂರಾ ಇಪ್ಪತ್ತೈದು ಕೊಟ್ಟಿರಲಿಲ್ಲ.

ಒಂದು ಐನೂರು, ಎರಡು ಹತ್ತು, ಒಂದು ಐದು. ಅವ್ವನ ಕೈಗೆ ಕೊಟ್ಟೆ. ಅವಳು ಚಿಕ್ಕ ನೋಟುಗಳನ್ನು ಎಣಿಸಿ ತೊಡೆಯ ಮೇಲೆ ಇಟ್ಟುಕೊಂಡಳು. ದೊಡ್ಡದನ್ನು ಹಿಂದು ಮುಂದು ತಿರುಗಿಸಿದಳು.

"ಮೆಹರೀನಾ, ಇದು ಎಷ್ಟಿಂದು?"

"ಐನೂರಿಂದು ಅತ್ತಿ."

"ಒಂದರಾಗೇ?"

"ಹೂಂ ಅತ್ತಿ."

"ಇಂಥಾದ್ದು ನನ್ನ ಕೈಯಾಗ ಬಂದಿರ್ಲಿಲ್ಲ," ಎಂದಳು ಅವ್ವ. ಹೇಳಿಕೆ ಅಷ್ಟೇ, ದೂರು ಅಲ್ಲ. ಈ ಸಲ ಯಾವ ಸೆರಗಿನೊಳಗೂ ನಗು ಬರಲಿಲ್ಲ. ಪಟ್ಟಣದಲ್ಲಿ ಹೆಸರು ಮಾಡಿದ ಗಾದಿ ಅಂಗಡಿ ನಮ್ಮದು. ಸುಗ್ಗಿಯ ಕೆಲವನ್ನು ಬಿಟ್ಟರೆ ಅದರ ಒಂದೊಂದು ಗವಸೂ ಈ ಬೆರಳುಗಳಲ್ಲಿ ಹೊಲಿದದ್ದು.

ಅತ್ತೆ ಕೊನೆಯ ಪ್ರಯತ್ನ ಮಾಡಿದಳು. "ಬಂತಲ್ಲವ್ವ. ಈಗರ ಮಾಫ್ ಅನ್ನು."

"ಯಾಕನ್ಲಿ? ತೀರೇತಿ. ತೀರೇತಿ ಅಂತ ಹೇಳ್ರಿ ಅವರಿಗೆ." ಆಮೇಲೆ ಅವ್ವ ಅಪ್ಪನ ಕಾಲಿನ ಕಡೆ ಬಾಗಿ, ಆ ದಿನ ಮೊದಲ ಸಲ, ಗಟ್ಟಿಯಾಗಿ ಅತ್ತಳು. ಅಷ್ಟು ಅಳು ಒಳಗಿಟ್ಟುಕೊಂಡು ಅವಳು ನಮ್ಮ ಜೊತೆ ಚೌಕಾಶಿ ಮಾಡಿದ್ದಳು.

ಖಬರಸ್ತಾನದಲ್ಲಿ ನನ್ನ ಸರದಿ ಬಂತು. ಸಾಲಾಗಿ ನಿಂತ ಜನರ ಮುಂದೆ ನಿಂತೆ. ಬೆಳಗಿನಿಂದ ತಯಾರು ಮಾಡಿದ ಮಾತು ಬಾಯಿಗೆ ಬರಲಿಲ್ಲ. ಹೇಗೋ ಹೇಳಿದೆ. ಎಲ್ಲಿಯೂ ನಿಲ್ಲದೆ, ಒಂದೇ ಉಸಿರಿಗೆ. ಯಾರೂ ಮುಂದೆ ಬರಲಿಲ್ಲ. ಅವರು ಬರುವುದಿಲ್ಲವೆಂದು ಗೊತ್ತಿದ್ದೂ ನಾನು ಕಾಲ್ಬೆರಳು ನೋಡುತ್ತಾ ಬೆವರುತ್ತಿದ್ದೆ.

ಮೂರು ದಿನ ಮೆಹರೀನಳ ಕಣ್ಣು ತಪ್ಪಿಸಿದೆ. ಕಾರಣ ಇತ್ತು.

ನಾಲ್ಕು ವರ್ಷದ ಹಿಂದೆ, ತೊಂಬತ್ತನಾಲ್ಕರಲ್ಲಿ, ನಮ್ಮ ಮದುವೆಯ ಮೊದಲ ರಾತ್ರಿ ನಾನು ಅವಳಿಗೆ ಕೇಳಿದ ಮೊದಲ ಪ್ರಶ್ನೆ ಮಹರಿನದು. ಗೆಳೆಯರು ಹೇಳಿಕೊಟ್ಟಿದ್ದರು. ಮೊದಲೇ ಕೇಳಿಬಿಡು, ನಾಚಿಕೊಂಡು ಹೂಂ ಅಂತಾಳೆ, ಸಾಯೋ ತನಕ ಚಿಂತೆಯಿಲ್ಲ. ಐದು ಸಾವಿರದ ಒಂದು ರೂಪಾಯಿ. ಮರುದಿನ ಅಂಗಡಿಯ ಮುಂದೆ ನಿಂತು "ಒಂದೇ ನಿಮಿಷದಾಗ ಮಾಫ್" ಎಂದು ಚಿಟಿಕೆ ಹೊಡೆದು ತೋರಿಸಿದ್ದೆ. ಎಲ್ಲರೂ ನನ್ನ ಬೆನ್ನು ತಟ್ಟಿದ್ದರು.

ಮೂರನೇ ದಿನದ ಫಾತಿಹಾ ಮುಗಿದು ಹುಸೇನ್‌ಬಿ ಅತ್ತೆ ಊರಿಗೆ ಹೋದ ಮೇಲೆ ನಾನು ಪೆಟ್ಟಿಗೆ ತೆರೆದು ಐದು ಸಾವಿರದ ಒಂದು ತೆಗೆದೆ. ಮೆಹರೀನ ಅಡಿಗೆಮನೆಯಲ್ಲಿ ಮೊರ ಇಟ್ಟುಕೊಂಡು ಅಕ್ಕಿಯ ಕಲ್ಲು ಆರಿಸುತ್ತಿದ್ದಳು. ಅಕ್ಕಿಯ ಪಕ್ಕದಲ್ಲಿ ಹಣ ಇಟ್ಟೆ. ನನ್ನನ್ನು ನಾನೇ ಮೆಚ್ಚಿಕೊಳ್ಳತೊಡಗಿದ್ದೆ, ನಿಜ ಹೇಳಬೇಕೆಂದರೆ.

"ಏನಿದು?"

"ನಿಂದು. ಮಹರ್. ಅವತ್ತು ನೀ ಮಾಫ್ ಅಂದಿದ್ದಿ, ಆದ್ರೂ ನಾ ಕೊಡ್ತೀನಿ."

"ನಾ ಅಂದಿಲ್ಲ."

"ಅಂದಿ ಮೆಹರೀನಾ."

"ನೀವು ಕೇಳಿದ್ರಿ. ನಾ ಸುಮ್ನಿದ್ದೆ. ನೀವು ಲೈಟು ಆರಿಸಿದ್ರಿ."

ಅವಳು ಒಂದು ಕಲ್ಲನ್ನು ಆರಿಸಿ ಪಕ್ಕಕ್ಕೆ ಇಟ್ಟಳು. ನಾಲ್ಕು ವರ್ಷದಿಂದ ನನ್ನ ಕಿವಿಯಲ್ಲಿ ಅವಳ 'ಹೂಂ' ಇತ್ತು. ಸಣ್ಣ, ಸಿಹಿಯಾದ ದನಿ. ಅದನ್ನು ಯಾರು ಅಂದಿದ್ದರು? ನಾನೇ ಇರಬೇಕು.

"ಎಲ್ಲಿಂದ ತಂದ್ರಿ ಇದನ್ನ?"

"ಪೆಟ್ಟಿಗಿಯಿಂದ."

"ಯಾರ ಪೆಟ್ಟಿಗಿ?"

"ನಮ್ದು."

"ಮಾವರದು," ಎಂದಳು. ಕೊಟ್ಟೂರಿನ ಕಾಲೇಜಿನಲ್ಲಿ ಪಿಯುಸಿ ಓದಿದವಳು, ಮಾತನ್ನು ಒಂದೊಂದಾಗಿ ಇಡುತ್ತಾಳೆ. "ಅದಿನ್ನ ಪಾಲಾಗಿಲ್ಲ. ಅದರಾಗ ಹೆಂಡ್ತಿ ಅಂತ ಅತ್ತಿದು ಎಂಟರಾಗೊಂದು ಪಾಲು ಐತಿ. ತಗಳ್ವಾಗ ಅತ್ತಿನ ಕೇಳಿದ್ರಾ?"

ಕೇಳಿರಲಿಲ್ಲ. ಕೇಳಬೇಕೆಂಬುದೇ ಹೊಳೆದಿರಲಿಲ್ಲ. ಕೀಲಿಕೈ ನನ್ನ ಕೈಗೆ ಬಂದಿತ್ತು, ಆದ್ದರಿಂದ ಪೆಟ್ಟಿಗೆ ನನ್ನದಾಗಿತ್ತು. ಮೂರು ದಿನದ ಹಿಂದೆ ಅವ್ವ ಊರೆದುರು ಅಷ್ಟು ಹೇಳಿದ ಮೇಲೂ.

"ಅತ್ತಿ ರೊಕ್ಕ ಅತ್ತಿಗೆ ಹೇಳ್ದಂಗ ತಂದು ನನಗ ಕೊಟ್ಟು ದೊಡ್ಡ ಮನಷ್ಯಾ ಆಗ್ತೀರೇನು?" ಅವಳು ಹಣವನ್ನು ಎರಡು ಬೆರಳಿನಿಂದ ನನ್ನ ಕಡೆ ಸರಿಸಿದಳು. "ನನಗ ಬ್ಯಾಡ ಅಂತಲ್ಲ ಮತ್ತ. ಬೇಕು. ನಿಮ್ಮ ದುಡಿಮಿದು ಕೊಡ್ರಿ. ಒಂದೇ ಸಲ ಆಗಲ್ಲ ಅಂದ್ರ ತಿಂಗಳಿಗೆ ಎಷ್ಟಾಗ್ತತಿ ಹೇಳ್ರಿ."

ಎಷ್ಟಾಗುತ್ತದೆ? ಹತ್ತು ವರ್ಷದಿಂದ ಅಂಗಡಿಯಲ್ಲಿ ದುಡಿಯುತ್ತಿದ್ದೇನೆ. ಅಪ್ಪ ನನಗೆ ಪಗಾರ ಅಂತ ಒಂದು ದಿನವೂ ಕೊಟ್ಟವರಲ್ಲ. ಬೇಕಾದಾಗ ಕೇಳುತ್ತಿದ್ದೆ, ಕೊಡುತ್ತಿದ್ದರು. ನನಗೆ ಮಾತ್ರ 'ಏನು ಮಾಡ್ತಿ' ಎಂದು ಕೇಳುತ್ತಿರಲಿಲ್ಲ, ಅಷ್ಟೇ ವ್ಯತ್ಯಾಸ. ಹೆಣದ ಮುಂದೆ 'ನಂದು' ಎಂದು ಚಾಚಿದ ಐನೂರೂ ಅವರದೇ. ಇಪ್ಪತ್ತೆಂಟು ವರ್ಷದ ನನ್ನ ಹತ್ತಿರ ಹೆಂಡತಿಗೆ ಕೊಡಬಹುದಾದ, ನನ್ನದೇ ಅನ್ನುವ ಒಂದು ರೂಪಾಯಿ ಇರಲಿಲ್ಲ.

ಅದು ಮೆಹರೀನಳಿಗೆ ನನಗಿಂತ ಮೊದಲೇ ತಿಳಿದಿತ್ತು. "ನಿಮಗೂ ಪಗಾರ ಇಲ್ಲಂಗಾತು," ಎಂದು ಮತ್ತೆ ಅಕ್ಕಿಯ ಕಡೆ ಬಾಗಿದಳು.

ಹಣವನ್ನು ಪೆಟ್ಟಿಗೆಯಲ್ಲಿ ಇಟ್ಟು ಅವ್ವನ ಕೋಣೆಗೆ ಹೋದೆ. ಗಂಡ ಸತ್ತ ಮೇಲಿನ ಇದ್ದತ್ತಿನ ದಿನಗಳು, ಅವಳು ನಾಲ್ಕು ತಿಂಗಳು ಹತ್ತು ದಿನ ಮನೆಯ ಹೊರಗೆ ಹೋಗುವಂತಿಲ್ಲ. ಕಿಟಕಿಯ ಬೆಳಕಿಗೆ ಚಾಪೆ ಹಾಕಿಕೊಂಡು ಗವಸು ಹೊಲಿಯುತ್ತಿದ್ದಳು. ಹಗರಿಬೊಮ್ಮನಹಳ್ಳಿಯ ಮದುವೆ ಮನೆಯೊಂದಕ್ಕೆ ಎರಡು ಗಾದಿ, ನಾಲ್ಕು ದಿಂಬು ನಾಳೆ ಸಂಜೆಯೊಳಗೆ ಕೊಡಬೇಕಿತ್ತು. ಅಪ್ಪ ಮುಂಗಡ ತೆಗೆದುಕೊಂಡಿದ್ದರು.

ಎಲ್ಲ ಹೇಳಿದೆ. ಅವ್ವ ದಾರದ ತುದಿಯನ್ನು ಹಲ್ಲಿನಿಂದ ಕಡಿದಳು.

"ವಾಪಸ್ ಇಟ್ಯಾ?"

"ಇಟ್ಟೆ."

"ಹೂಂ."

"ಅವ್ವಾ, ಇನ್ನ ಮ್ಯಾಲ ಹಿಂಗ ಬ್ಯಾಡ. ಪೆಟ್ಟಿಗಿದು ಹಜರತ್ ಹೇಳಿದಂಗ ಪಾಲು ಮಾಡಾಣ. ಅಂಗಡಿದು ಬೇರೆ ಇಡಾಣ. ನನಗ ತಿಂಗಳಿಗೆ ಸಾವಿರದ ಐನೂರು ಪಗಾರ ಅಂತ ಇಟ್ಕಂತೀನಿ. ಅದರಾಗ ಮೆಹರೀನಗ ಮುನ್ನೂರು. ಹದಿನೇಳು ತಿಂಗಳಿಗೆ ತೀರ್ತತಿ." ದಾರಿಯುದ್ದಕ್ಕೂ ಲೆಕ್ಕ ಹಾಕಿಕೊಂಡು ಬಂದಿದ್ದೆ. ದಾರಿ ಎಂದರೆ ಎಂಟು ಹೆಜ್ಜೆ.

"ಚಲೋ ಆತು," ಎಂದಳು ಅವ್ವ. "ನನಗ?"

"ನಿನಗ ಪಾಲು ಬರ್ತತಲ್ಲ."

"ಅದು ಅವರು ಸತ್ತಿದ್ದಕ್ಕ ಬರೋದು. ಇದಕ್ಕ?" ಗವಸನ್ನು ಎತ್ತಿ ತೋರಿಸಿದಳು. "ಒಂದಕ್ಕ ಎಷ್ಟು ಕೊಡ್ತಿ?"

"ನಾಕು ರೂಪಾಯಿ," ಅಂದುಬಿಟ್ಟೆ.

ಯೋಚಿಸಿ ಹೇಳಿದ್ದಲ್ಲ. ಅಂಗಡಿಯಲ್ಲಿ ಯಾರು ಕೂಲಿ ಕೇಳಿದರೂ ಮೊದಲು ಅರ್ಧ ಹೇಳುವ ನಾಲಿಗೆ ಅದು.

"ಸುಗ್ಗಿ ಕಾಲದಾಗ ದರ್ಜಿ ಚೌಡಣ್ಣಗ ಎಂಟು ಕೊಡ್ತೀರಿ."

"ಅವಂದು ಮಿಷನ್ ಹೊಲಿಗಿ ಅವ್ವಾ."

"ನಂದು ಕೈಯಿಂದು. ಹೆಚ್ಚೋ ಕಡಿಮೆಯೋ?"

"ಅವನು ಹೊರಗಿನಾವ. ಅವಂಗ ಕೊಡ್ಲೇಬೇಕು."

ಹೇಳಿ ಮುಗಿಸಿದ ಮೇಲೆ ನನಗೆ ಕೇಳಿಸಿತು. ಬಾಗಿಲಲ್ಲಿ ಮೆಹರೀನ ಮೊರ ಹಿಡಿದು ನಿಂತಿದ್ದಳು, ಯಾವಾಗ ಬಂದಳೋ. ಅವಳು ಸುಮ್ಮನಿರುವುದನ್ನು ಒಪ್ಪಿಗೆ ಎಂದು ತಿಳಿಯುವ ಧೈರ್ಯ ನನಗೆ ಇನ್ನು ಇರಲಿಲ್ಲ.

"ಹಂಗಾರ ನಾನೂ ಹೊರಗಿನಾಕಿ ಅನ್ಕೋ," ಎಂದಳು ಅವ್ವ. ಸೂಜಿಯನ್ನು ಬಟ್ಟೆಗೆ ಚುಚ್ಚಿ, ಅರ್ಧ ಹೊಲಿದ ಗವಸನ್ನು ಮಡಚಿ ಚಾಪೆಯ ಆಚೆ ಇಟ್ಟು, ಕೈ ಕಟ್ಟಿ ಕುಳಿತಳು. ನಾಳೆ ಸಂಜೆಗೆ ಆರು ಗವಸು ಬೇಕಿತ್ತು. ಚೌಡಣ್ಣ ಹಡಗಲಿಗೆ ಹೋಗಿದ್ದ. ಅದು ಅವಳಿಗೂ ಗೊತ್ತಿತ್ತು.

"ಹತ್ತು," ಎಂದೆ.

"ಹತ್ತು," ಅವ್ವ ತಲೆಯಾಡಿಸಿದಳು. ಗವಸನ್ನು ಮತ್ತೆ ಹತ್ತಿರ ಎಳೆದುಕೊಂಡಳು. ಸೂಜಿ ಕಿತ್ತು ಬೆಳಕಿಗೆ ಹಿಡಿದು ದಾರ ಪೋಣಿಸತೊಡಗಿದವಳು, ಪಟ್ಟನೆ ನಿಲ್ಲಿಸಿ ಕೇಳಿದಳು.

"ಇವತ್ತಿಂದಾನಾ, ಇಲ್ಲಾ ಮೊದ್ಲಿನವಕ್ಕೂ ಸೇರಿಸಾ?"

ತಮಾಷೆ ಇರಬಹುದೆಂದು ಅವಳ ಮುಖ ನೋಡಿದೆ. ನಗು ಇರಲಿಲ್ಲ. ನನ್ನ ತಲೆ ಅದರ ಪಾಡಿಗೆ ಅದು ಲೆಕ್ಕ ಹಾಕತೊಡಗಿತು. ವರ್ಷಕ್ಕೆ ಎಷ್ಟು ಗಾದಿ, ಎಷ್ಟು ದಿಂಬು, ಮೂವತ್ತಾರು ವರ್ಷ. ಮೊತ್ತ ಪೆಟ್ಟಿಗೆಯಲ್ಲಿದ್ದುದನ್ನು ಮುಟ್ಟುವ ಹೊತ್ತಿಗೆ ನಾನು ಲೆಕ್ಕ ನಿಲ್ಲಿಸಿದೆ. ಅವ್ವ ದಾರ ಹಿಡಿದುಕೊಂಡು ಕಾಯುತ್ತಿದ್ದಳು. ಮೆಹರೀನಳೂ ಹೋಗಲಿಲ್ಲ.